ಒಂದು ಕೋಳಿಗೆ ಎರಡೇ ರೆಕ್ಕೆ: ಸೂಪರ್ ಬೌಲ್‌ಗೆ ವಿಂಗ್ಸ್ ಹೊಂದಿಸಿದ ನನ್ನ ಅನುಭವ

ಹೊಸತೊಡಕಿನ ದಿನ ನಮ್ಮ ಮಂಡ್ಯದ ಕಡೆ ಮಟನ್ ಅಂಗಡಿ ಮುಂದೆ ಬೆಳಗಿನ ಜಾವ ಸಾಲಿನಲ್ಲಿ ನಿಂತವರಿಗೆ ನನ್ನ ಕಷ್ಟ ಬೇಗ ಅರ್ಥವಾಗುತ್ತದೆ. ಊರಿಗೆ ಊರೇ ಒಂದೇ ದಿನ ಒಂದೇ ಪದಾರ್ಥ ಕೇಳುತ್ತದೆ. ಅಮೆರಿಕದಲ್ಲಿ ಅಂಥ ದಿನ ಅಂದರೆ ಸೂಪರ್ ಬೌಲ್ ಭಾನುವಾರ. ಪ್ರತಿ ಫೆಬ್ರವರಿಯಲ್ಲಿ ನಡೆಯುವ, ಅಲ್ಲಿನ ಫುಟ್‌ಬಾಲ್‌ನ ಕೊನೆಯ ಪಂದ್ಯ. ಆ ದಿನ ಎಲ್ಲರಿಗೂ ಬೇಕಾಗಿರುವುದು ಕೋಳಿ ರೆಕ್ಕೆ. 2023ರ ಪಂದ್ಯದ ಹೊತ್ತಿಗೆ ದೇಶದಲ್ಲಿ 145 ಕೋಟಿ ವಿಂಗ್ಸ್ ಖರ್ಚಾಗುತ್ತವೆ ಎಂದು ಅಲ್ಲಿನ ಕೋಳಿ ಉದ್ಯಮದ ಸಂಘವಾದ ನ್ಯಾಷನಲ್ ಚಿಕನ್ ಕೌನ್ಸಿಲ್ ಲೆಕ್ಕ ಹಾಕಿತ್ತು. 2025ಕ್ಕೆ ಅದು 147 ಕೋಟಿ.

ನ್ಯೂಜೆರ್ಸಿಯ ಎಡಿಸನ್ ಹತ್ತಿರ ನಮ್ಮದೊಂದು ಚಿಕ್ಕ ಅಂಗಡಿ. ಪಿಜ್ಜಾ, ವಿಂಗ್ಸ್, ಫ್ರೈಸ್. 2019ರಲ್ಲಿ ಹಳೇ ಮಾಲೀಕರಿಂದ ತಗೊಂಡೆವು. ಕೂತು ತಿನ್ನುವುದಕ್ಕೆ ಆರು ಟೇಬಲ್, ಮಿಕ್ಕಿದ್ದೆಲ್ಲ ಪಾರ್ಸೆಲ್. ಜಾಸ್ತಿ ಹೋಗುವುದು ಬಫಲೋ ವಿಂಗ್ಸ್. ಇಲ್ಲಿ ಬಫಲೋ ಅಂದರೆ ಎಮ್ಮೆಯಲ್ಲ, ನ್ಯೂಯಾರ್ಕ್ ರಾಜ್ಯದ ಒಂದು ಊರು. 1964ರಲ್ಲಿ ಆ ಊರಿನ ಆಂಕರ್ ಬಾರ್‌ನಲ್ಲಿ ಟೆರೆಸಾ ಬೆಲ್ಲಿಸಿಮೊ ಎಂಬಾಕೆ ರೆಕ್ಕೆಗಳನ್ನು ಕರಿದು, ಖಾರದ ಸಾಸ್ ಮತ್ತು ಬೆಣ್ಣೆಯಲ್ಲಿ ಹೊರಳಿಸಿ ಕೊಟ್ಟರು. ಅದಕ್ಕೂ ಮೊದಲು ರೆಕ್ಕೆಗೆ ಬೆಲೆಯೇ ಇರಲಿಲ್ಲ. ಸೂಪ್‌ಗೆ ಹೋಗುತ್ತಿತ್ತು, ಅಷ್ಟೇ. ನನ್ನ ಹೆಂಡತಿ ಕುಂದಾಪುರದವಳು. ಅವಳು ಇದನ್ನು ಮೊದಲ ಸಲ ತಿಂದಾಗ ಹೇಳಿದ್ದು, "ಇದು ನಮ್ಮ ಘೀ ರೋಸ್ಟ್‌ನ ತಮ್ಮ ಅಲ್ವಾ?" ನಿಜವೇ. ಅಲ್ಲಿ ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ತುಪ್ಪ. ಇಲ್ಲಿ ಮೆಣಸಿನ ಸಾಸ್, ವಿನೆಗರ್, ಬೆಣ್ಣೆ. ಮೆನುವಿನಲ್ಲಿ ಈಗ ಎರಡೂ ಇವೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಕೇಳಿದ ಮೊದಲ ಪ್ರಶ್ನೆ, "ಬರೀ ರೆಕ್ಕೆ ತಿಂದ್ರೆ ಉಳಿದ ಕೋಳಿ ಏನ್ ಮಾಡ್ತಾರಪ್ಪ?" ಇಡೀ ವ್ಯಾಪಾರದ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ರೆಕ್ಕೆ ಬೇಕು ಅಂತ ಯಾರೂ ಕೋಳಿ ಸಾಕುವುದಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ 900 ಕೋಟಿಗೂ ಜಾಸ್ತಿ ಬ್ರಾಯ್ಲರ್ ಕೋಳಿ ಬೆಳೆಸುತ್ತಾರೆ. ಮುಖ್ಯವಾಗಿ ಎದೆಮಾಂಸಕ್ಕೆ. ರೆಕ್ಕೆ ಅದರ ಜೊತೆಗೆ ಬರುವ ಭಾಗ. ಒಂದು ಕೋಳಿಗೆ ಎರಡೇ ರೆಕ್ಕೆ. ಒಂದೊಂದನ್ನೂ ಕತ್ತರಿಸಿದರೆ ಭುಜದ ಕಡೆಯ ದಪ್ಪ ತುಂಡು ಒಂದು ಡ್ರಮೆಟ್, ನಡುವಿನ ಚಪ್ಪಟೆ ತುಂಡು ಒಂದು ಫ್ಲ್ಯಾಟ್. ಅಲ್ಲಿಗೆ ಒಂದು ಕೋಳಿಯಿಂದ ನಾಲ್ಕು ತುಂಡು. ಹತ್ತು ತುಂಡಿನ ಒಂದು ಆರ್ಡರ್‌ಗೆ ಎರಡೂವರೆ ಕೋಳಿ ಬೇಕು. ಫೆಬ್ರವರಿಯಲ್ಲಿ ಬೇಡಿಕೆ ಏರಿತು ಅಂತ ಆ ತಿಂಗಳು ರೆಕ್ಕೆಯನ್ನಷ್ಟೇ ಜಾಸ್ತಿ ಮಾಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಕಂಪನಿಗಳು ತಿಂಗಳುಗಟ್ಟಲೆ ಮುಂಚೆಯೇ ಫ್ರೀಜ್ ಮಾಡಿ ಕೂಡಿಡುತ್ತವೆ. ಪಂದ್ಯದ ವಾರ ನಮ್ಮಂಥವರಿಗೆ ಕಾಣುವ ರೇಟು ಹಿಂದಿನ ಬೇಸಿಗೆಯಿಂದಲೇ ನಿಧಾನವಾಗಿ ತಯಾರಾಗುತ್ತಾ ಬಂದಿರುತ್ತದೆ.

ಇದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಅಂಗಡಿ ಶುರು ಮಾಡಿದಾಗ 40 ಪೌಂಡಿನ (ಸುಮಾರು 18 ಕೆಜಿ) ಒಂದು ಕೇಸ್, ಅಂದರೆ ಪೆಟ್ಟಿಗೆ, ನನಗೆ 80 ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಕೊರೊನಾ ಬಂತು. ಜನ ಮನೆಯಲ್ಲೇ ಕೂತು ಪಾರ್ಸೆಲ್ ತರಿಸಿದರು. ವಿಂಗ್ಸ್ ಡಬ್ಬಿಯಲ್ಲಿ ಅರ್ಧ ಗಂಟೆ ಕೂತರೂ ಕೆಡುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನೇ ಕೇಳಿದರು. ಅದೇ ಹೊತ್ತಿಗೆ ಕೋಳಿ ಕತ್ತರಿಸುವ ಕಾರ್ಖಾನೆಗಳಲ್ಲಿ ಕೆಲಸದವರು ಸಾಲಲಿಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಕಡೆ ಬೀಸಿದ ಹಿಮಗಾಳಿ ಕೋಳಿ ಫಾರಂಗಳಿಗೂ ಹೊಡೆತ ಕೊಟ್ಟಿತು. ಆ ಬೇಸಿಗೆಯ ಹೊತ್ತಿಗೆ ಸಗಟು ದರ ಪೌಂಡಿಗೆ 3 ಡಾಲರ್ ದಾಟಿತು. ದೊಡ್ಡ ಸರಪಳಿ ಅಂಗಡಿಯಾದ ವಿಂಗ್‌ಸ್ಟಾಪ್ ಕೂಡ ಜೂನ್‌ನಲ್ಲಿ 'ಥೈಸ್ಟಾಪ್' ಎಂಬ ಹೆಸರಿನಲ್ಲಿ ತೊಡೆಮಾಂಸ ಮಾರಲು ಶುರುಮಾಡಿತು. ನಮ್ಮ ಡಿಸ್ಟ್ರಿಬ್ಯೂಟರ್ ನನಗೆ ವಾರಕ್ಕೆ ಮೂರೇ ಕೇಸ್ ಎಂದು ಕಟ್ಟುಮಾಡಿದರು. ನನಗೆ ಬೇಕಾಗಿದ್ದು ನಾಲ್ಕೈದು.

2022ರ ಪಂದ್ಯ ಫೆಬ್ರವರಿ 13ಕ್ಕೆ ಇತ್ತು. ಜನವರಿ ಮೊದಲ ವಾರ 14 ಕೇಸ್ ಆರ್ಡರ್ ಕೊಟ್ಟೆ. ಕೇಸ್‌ಗೆ 130 ಡಾಲರ್. ಸೇಲ್ಸ್‌ನವನು ಫೋನಿನಲ್ಲಿ, "ಚಿಂತೆ ಬೇಡ, ಬರುತ್ತೆ" ಎಂದ. ಪಂದ್ಯದ ವಾರ, ಗುರುವಾರ ಬೆಳಿಗ್ಗೆ ಲಾರಿಯಿಂದ ಇಳಿದಿದ್ದು ಒಂಬತ್ತೇ ಕೇಸ್. ಉಳಿದ ಐದು ಯಾರಿಗೆ ಹೋಯಿತೋ! ನನ್ನ ಕೈಯಲ್ಲಿ ಬರಹದಲ್ಲಿ ಏನೂ ಇರಲಿಲ್ಲ. ಆಗಲೇ 400ಕ್ಕೂ ಜಾಸ್ತಿ ಪ್ರೀ-ಆರ್ಡರ್ ತಗೊಂಡು ದುಡ್ಡೂ ಪಡೆದಿದ್ದೆ. ಅಂಗಡಿ ಹಿಂದಿನ ಬಾಗಿಲಲ್ಲಿ ನಿಂತು ಆ ಒಂಬತ್ತು ಪೆಟ್ಟಿಗೆಗಳನ್ನು ಮತ್ತೆ ಮತ್ತೆ ಎಣಿಸಿದ್ದು ಇವತ್ತಿಗೂ ನೆನಪಿದೆ.

ಅವತ್ತು ಮೂರು ಸಗಟು ಅಂಗಡಿ ಸುತ್ತಿದೆ. ಕತ್ತರಿಸಿದ ವಿಂಗ್ಸ್ ಎಲ್ಲೂ ಇಲ್ಲ. ಕೊನೆಯ ಅಂಗಡಿಯಲ್ಲಿ ಇಡೀ ರೆಕ್ಕೆ ಸಿಕ್ಕಿತು, ಮೂರು ಕೀಲಿನದು, ತುದಿಯ ಸಮೇತ. ಕತ್ತರಿಸುವ ಕೆಲಸ ನಮ್ಮದಾದ್ದರಿಂದ ಪೌಂಡಿಗೆ ಸ್ವಲ್ಪ ಕಡಿಮೆ. 200 ಪೌಂಡ್ ತಂದೆ. ಹೆಚ್ಚು ಕಡಿಮೆ 900 ರೆಕ್ಕೆ.

ಶುಕ್ರವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕತ್ತರಿಸಲು ಕೂತೆವು. ನಾನು, ನನ್ನ ಹೆಂಡತಿ, ಅಡುಗೆಮನೆಯ ಹುಡುಗ. ಮೊದಲ ಐವತ್ತು ರೆಕ್ಕೆ ನಾನು ಚಾಕುವನ್ನು ಒತ್ತಿ ಒತ್ತಿ ಮೂಳೆಯ ಮೇಲೇ ಹಾಕಿದೆ. ಮೂಳೆ ಸೀಳಿ ಚೂರಾಗುತ್ತಿತ್ತು. ಹೆಂಡತಿ ಸುಮ್ನೆ ನೋಡುತ್ತಿದ್ದವಳು ಒಂದು ರೆಕ್ಕೆ ಎತ್ತಿಕೊಂಡು ತೋರಿಸಿದಳು. ರೆಕ್ಕೆಯನ್ನು ಹಿಂದಕ್ಕೆ ಬಗ್ಗಿಸಬೇಕು. ಹೆಬ್ಬೆರಳಿನಲ್ಲಿ ಕೀಲು ತಡವಬೇಕು. ಎರಡು ಗುಬುಟುಗಳ ನಡುವೆ ಒಂದು ಸಣ್ಣ ಹಳ್ಳ ಸಿಗುತ್ತದೆ. ಚಾಕುವಿನ ಅಂಚನ್ನು ಅಲ್ಲಿಟ್ಟರೆ ಸಾಕು, ಬಲವೇ ಬೇಡ, ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಮೂಳೆ ಕತ್ತರಿಸಿದ ಸದ್ದೇ ಬೇರೆ, ಕೀಲು ಬಿಡುವ ಸದ್ದೇ ಬೇರೆ. ಆ ಸದ್ದು ಕಿವಿಗೆ ಹತ್ತಿದ ಮೇಲೆ ಕೆಲಸ ಓಡಿತು. ಕೈ ಮರಗಟ್ಟದಿರಲಿ ಎಂದು ಅರ್ಧ ಅರ್ಧ ಗಂಟೆಗೆ ಬಿಸಿ ನೀರಿನಲ್ಲಿ ಅದ್ದಿದೆವು. ಒಂದೊಂದು ಟ್ರೇ ತುಂಬಿದ ಕೂಡಲೇ ಕೂಲರ್‌ಗೆ, ಅಂದರೆ ಅಂಗಡಿಯ ದೊಡ್ಡ ಫ್ರಿಜ್‌ಗೆ. ಮುಗಿದಾಗ ರಾತ್ರಿ ಒಂದೂವರೆ. ತುದಿಗಳೇ ಎರಡು ಬಕೆಟ್ ಆಗಿದ್ದವು. ಶನಿವಾರ ಅದನ್ನು ಬೇಯಿಸಿ ಸ್ಟಾಕ್, ಅಂದರೆ ಮೂಳೆಯ ರಸ, ತೆಗೆದೆವು. ಆ ಭಾನುವಾರ ಒಂದು ಆರ್ಡರ್ ಕೂಡ ವಾಪಸ್ ಕಳಿಸಲಿಲ್ಲ.

ಅವತ್ತು ಕತ್ತರಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಡಿಸ್ಟ್ರಿಬ್ಯೂಟರ್ ಕಳಿಸಿದ ತುಂಡುಗಳು ದಪ್ಪ, ನಾವು ಕತ್ತರಿಸಿದವು ಸಣ್ಣ. ತೂಕ ಹಾಕಿ ಎಣಿಸಿದೆ. ದಪ್ಪನೆಯದು ಪೌಂಡಿಗೆ ಏಳೇ ತುಂಡು. ಸಣ್ಣದು ಹತ್ತು. ಅಂದರೆ 40 ಪೌಂಡಿನ ಕೇಸ್‌ನಲ್ಲಿ ಒಂದರಲ್ಲಿ 280 ತುಂಡು, ಇನ್ನೊಂದರಲ್ಲಿ 400. ನಾನು ಕೊಳ್ಳುವುದು ತೂಕದ ಮೇಲೆ, ಮಾರುವುದು ಎಣಿಕೆಯ ಮೇಲೆ. ಎರಡಕ್ಕೂ 120 ಡಾಲರ್ ಕೊಟ್ಟೆ ಅಂದುಕೊಳ್ಳಿ. ಹತ್ತು ತುಂಡಿನ ಆರ್ಡರ್‌ಗೆ ಒಂದರಲ್ಲಿ 4 ಡಾಲರ್ 29 ಸೆಂಟ್ ಬೀಳುತ್ತದೆ, ಇನ್ನೊಂದರಲ್ಲಿ 3 ಡಾಲರ್. ಮೂರು ವರ್ಷ ಇದನ್ನು ನೋಡದೆ ವ್ಯಾಪಾರ ಮಾಡಿದ್ದೆ! ಅಮೆರಿಕದ ಕೋಳಿಗಳು ವರ್ಷದಿಂದ ವರ್ಷಕ್ಕೆ ತೂಕ ಹೆಚ್ಚಿಸಿಕೊಳ್ಳುತ್ತಲೇ ಬಂದಿವೆ. ಕೋಳಿ ದಪ್ಪವಾದಷ್ಟೂ ಎದೆ ಜಾಸ್ತಿ, ಆದರೆ ರೆಕ್ಕೆ ಎರಡೇ. ವಿಂಗ್ಸ್ ಅಂಗಡಿಯವನಿಗೆ ಅದು ನಷ್ಟ. ಅವತ್ತಿನಿಂದ ರೇಟು ಕೇಳುವ ಮೊದಲು ನಾನು ಕೇಳುವುದು, "ಪೌಂಡಿಗೆ ಎಷ್ಟು ತುಂಡು?"

2022ರ ಉದ್ದಕ್ಕೂ ದರ ಜಾರಿತು. ವರ್ಷದ ಕೊನೆಗೆ ನನಗೆ ಕೇಸ್ 55 ಡಾಲರ್‌ಗೆ ಸಿಗುತ್ತಿತ್ತು. ಬೇಸ್‌ಮೆಂಟ್‌ಗೆ ಎರಡು ಚೆಸ್ಟ್ ಫ್ರೀಜರ್ ಹಾಕಿಸಿದೆ. ಅಕ್ಟೋಬರ್‌ನಲ್ಲೇ ಆರು ಕೇಸ್ ಫ್ರೋಜನ್ ತಂದು ತುಂಬಿದೆ. ಮುಂದಿನ ವರ್ಷ ಇನ್ನೂ ಮುಂಚೆ ಕೊಂಡೆ, 2023ರ ಜುಲೈನಲ್ಲಿ, 52 ಡಾಲರ್‌ಗೆ. 2024ರ ಜನವರಿಯಲ್ಲಿ ಅದೇ ಕೇಸ್ 100 ಆಗಿತ್ತು. ಸರಿಯಾದ ಚಳಿಯಲ್ಲಿಟ್ಟರೆ ಕೋಳಿ ತುಂಡು ಒಂಬತ್ತು ತಿಂಗಳವರೆಗೆ ರುಚಿ ಕೆಡದೆ ಇರುತ್ತದೆ, ಹಾಗಾಗಿ ಜುಲೈನಿಂದ ಫೆಬ್ರವರಿ ಹೆದರುವಂಥದ್ದಲ್ಲ. ಆದರೆ ಪೂರ್ತಿ ಮಾಲನ್ನು ಹೀಗೆ ಮುಂಚೆಯೇ ಕೊಳ್ಳಬೇಡಿ ಅಂತಲೇ ನಾನು ಹೇಳುವುದು. ದರ ಇಳಿಯುವ ವರ್ಷವೂ ಬರುತ್ತದೆ. 2022ರಲ್ಲಿ ಹಾಗೇ ಆಯಿತು. ನಾನು ಮೂರು ಪಾಲು ಮಾಡುತ್ತೇನೆ. ಸುಮಾರು ಒಂದು ಪಾಲು ಬೇಸಿಗೆಯ ಫ್ರೋಜನ್. ಒಂದು ಪಾಲು ಡಿಸೆಂಬರ್‌ನಲ್ಲಿ ಡಿಸ್ಟ್ರಿಬ್ಯೂಟರ್ ಹತ್ತಿರ, ರೇಟು, ಕೇಸ್, ತಾರೀಖು ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಂಡು. ಉಳಿದದ್ದು ಪಂದ್ಯದ ವಾರ ತಾಜಾ, ಇಡೀ ರೆಕ್ಕೆ. ಕತ್ತರಿಸುವ ಕೆಲಸ ಈಗ ನಮಗೆ ಕಷ್ಟವಲ್ಲ.

ಫ್ರೋಜನ್ ಮಾಲಿನಲ್ಲಿ ಒಂದು ಎಚ್ಚರ. 2023ರಲ್ಲಿ ಆರೂ ಕೇಸ್‌ಗಳನ್ನು ಪೆಟ್ಟಿಗೆ ಸಮೇತ ಒಂದರ ಮೇಲೊಂದು ಕೂಲರ್‌ನಲ್ಲಿಟ್ಟೆ. ಮೂರು ದಿನ ಆಯಿತಲ್ಲ, ಕರಗಿರುತ್ತದೆ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ನಡುವಿನ ಪೆಟ್ಟಿಗೆ ತೆರೆದರೆ ಕಲ್ಲು! ಪೆಟ್ಟಿಗೆಯ ರಟ್ಟೇ ಚಳಿಯನ್ನು ಒಳಗೆ ಹಿಡಿದಿಟ್ಟಿತ್ತು. ಸಿಂಕ್‌ನಲ್ಲಿ ತಣ್ಣೀರು ಹರಿಯಬಿಟ್ಟು, ಚೀಲ ಚೀಲವಾಗಿ ಬಿಡಿಸಲು ಮಧ್ಯಾಹ್ನವಾಯಿತು. ಈಗ ಬುಧವಾರವೇ ಪೆಟ್ಟಿಗೆ ಒಡೆದು, 10 ಪೌಂಡಿನ ಚೀಲಗಳನ್ನು ಟ್ರೇಗಳಲ್ಲಿ ಒಂದೇ ಪದರದಲ್ಲಿ ಹರಡುತ್ತೇನೆ. ಕರಗಿದಾಗ ನೀರು ಬಿಡುತ್ತದೆ, ತೂಕ ಇಳಿಯುತ್ತದೆ. ಆ ನೀರನ್ನು ಒರೆಸದೆ ಎಣ್ಣೆಗೆ ಹಾಕಿದರೆ ಎಣ್ಣೆ ಉಕ್ಕುತ್ತದೆ, ಚರ್ಮವೂ ಗರಿಗರಿಯಾಗುವುದಿಲ್ಲ.

ಮಾಲು ಸಿಕ್ಕರೂ ಎಣ್ಣೆಯಲ್ಲಿ ಕರಿಯುವ ಫ್ರೈಯರ್ ಸಾಲದೇ ಹೋಗಬಹುದು. ಪಂದ್ಯ ಶುರುವಾಗುವುದು ನಮ್ಮ ಕಡೆ ಸಂಜೆ ಆರೂವರೆಗೆ. ಎಲ್ಲರಿಗೂ ಡಬ್ಬಿ ಬೇಕಾಗುವುದು ಐದರಿಂದ ಆರೂಕಾಲರ ಒಳಗೆ. ನಮ್ಮಲ್ಲಿ ಎರಡು ಫ್ರೈಯರ್, ಒಂದೊಂದರಲ್ಲಿ ಸಲಕ್ಕೆ 60 ತುಂಡು. ಹಸಿ ವಿಂಗ್ಸ್‌ಗೆ 12 ನಿಮಿಷ ಬೇಕು. ಗಂಟೆಗೆ 60 ಆರ್ಡರ್, ಅದಕ್ಕಿಂತ ಮೇಲೆ ಆಗುವುದೇ ಇಲ್ಲ. ಹಾಗಾಗಿ ಬೆಳಿಗ್ಗೆಯಿಂದಲೇ ಸಣ್ಣ ಉರಿಯ ಎಣ್ಣೆಯಲ್ಲಿ ಪೂರ್ತಿ ಬೇಯಿಸುತ್ತೇವೆ. ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ದಾಟಬೇಕು. ಅರ್ಧ ಬೇಯಿಸಿ ಇಡುವುದು ಅಪಾಯ, ಹಾಗೆ ಮಾಡಲೇಬೇಡಿ. ಬೇಗ ತಣ್ಣಗಾಗಿಸಿ ಕೂಲರ್‌ನಲ್ಲಿಟ್ಟು, ಸಂಜೆ 375 ಡಿಗ್ರಿ ಎಣ್ಣೆಯಲ್ಲಿ ನಾಲ್ಕು ನಿಮಿಷ. ಬುಟ್ಟಿ ಇಳಿಸಿ ಏರಿಸುವುದೂ ಸೇರಿ ಐದು. ಈಗ ಗಂಟೆಗೆ 140 ಆರ್ಡರ್ ಹೋಗುತ್ತದೆ. ಎರಡು ಸಲ ಕರಿದ ಚರ್ಮ ಇನ್ನೂ ಗರಿಗರಿ, ಸಾಸ್ ಹಾಕಿದರೂ ಬೇಗ ಮೆತ್ತಗಾಗುವುದಿಲ್ಲ.

2025ರ ಪಂದ್ಯದಲ್ಲಿ ಫಿಲಡೆಲ್ಫಿಯಾದ ಈಗಲ್ಸ್ ತಂಡ ಇತ್ತು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಹಸಿರು ಜೆರ್ಸಿಯಲ್ಲೇ ಬಂದರು. ಆ ಚಳಿಗಾಲ ಹಕ್ಕಿ ಜ್ವರದಿಂದ ಮೊಟ್ಟೆ ಬೆಲೆ ಆಕಾಶಕ್ಕೇರಿತ್ತು. "ಮೊಟ್ಟೆಯೇ ಹೀಗಾದರೆ ವಿಂಗ್ಸ್ ಕಥೆ ಏನು?" ಎಂದು ದಿನಕ್ಕೆ ಹತ್ತು ಜನ ಕೇಳುತ್ತಿದ್ದರು. ಮೊಟ್ಟೆ ಇಡುವ ಕೋಳಿಯೇ ಬೇರೆ, ಮಾಂಸದ ಬ್ರಾಯ್ಲರ್ ಬೇರೆ, ಫಾರಂಗಳೂ ಬೇರೆ. ಜ್ವರ ಜಾಸ್ತಿ ತಟ್ಟಿದ್ದು ಮೊಟ್ಟೆ ಕೋಳಿಗೆ. ಬ್ರಾಯ್ಲರ್ ಏಳು ವಾರದೊಳಗೆ ಬೆಳೆದು ಹೋಗುತ್ತದೆ, ಮೊಟ್ಟೆ ಕೋಳಿ ವರ್ಷಕ್ಕೂ ಮೇಲೆ ಫಾರಂನಲ್ಲೇ ಇರುತ್ತದೆ. ಇದನ್ನು ಕೌಂಟರ್‌ನಲ್ಲಿ ನಿಂತು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದೆ. ರೇಟು ಏರಿಸಲಿಲ್ಲ. ಈಗಲ್ಸ್ 40-22ರಿಂದ ಗೆದ್ದರು. ನಮ್ಮ ಕೊನೆಯ ಡಬ್ಬಿ ಎಂಟು ಗಂಟೆಗೆ ಹೋಯಿತು.

ಒಲೆ ಆರಿಸಿದ ಮೇಲೆ, ರೆಕ್ಕೆ ತುದಿಗಳ ಸ್ಟಾಕ್‌ನಲ್ಲಿ ಹೆಂಡತಿ ಸಾರು ಮಾಡಿದಳು. ಕೊತ್ತಂಬರಿ, ಮೆಣಸು, ಕಾಯಿ ರುಬ್ಬಿ ಹಾಕಿದ್ದು. ಕೆಲಸದ ಹುಡುಗರು ಅದನ್ನು ಲೋಟದಲ್ಲಿ ಕುಡಿದರು, ನಾವಿಬ್ಬರು ಮುದ್ದೆ ಜೊತೆ ಉಂಡೆವು. ಆಮೇಲೆ ನೋಟ್‌ಬುಕ್ ತೆಗೆದು ಬರೆದೆ: ಬಳಸಿದ್ದು ಹದಿನಾರು ಕೇಸ್, ಉಳಿದದ್ದು ಅರ್ಧ, ವಿಂಗ್ಸ್ ಜೊತೆ ಕೊಡುವ ಬ್ಲೂ ಚೀಸ್ ಕಡಿಮೆ ಬಿತ್ತು, ಜುಲೈ ಮೊದಲ ವಾರ ಫೋನ್ ಮಾಡಬೇಕು.