ಕಾಯಿನ್ ಹಾಕಿ ಆಡುವ ಹಳೇ ಗೇಮ್ ಡಬ್ಬಾ ಮುಂಬೈಯಲ್ಲಿ ಕಮ್ಮಿಗೆ ಬೇಕಾ?

ಮೊದ್ಲೇ ಹೇಳ್ತೇನೆ, ಭಂಗಾರದವನ ಹತ್ರ (ಊರಿಂದ ಹೊಸದಾಗಿ ಬಂದವ್ರಿಗೆ: ಇಲ್ಲಿ ಭಂಗಾರ ಅಂದ್ರೆ ಗುಜರಿ, ಚಿನ್ನ ಅಲ್ಲ) ಹೋಗಿ ಆರ್ಕೇಡ್ ಮಷೀನ್ ಉಂಟಾ ಅಂತ ಕೇಳ್ಬೇಡಿ, ಒಂದೋ ಅವ್ನಿಗೆ ಅರ್ಥ ಆಗುದಿಲ್ಲ, ಅರ್ಥ ಆದ್ರೆ ಆಂಟಿಕ್ ಅಂತ ರೇಟ್ ಏರಿಸ್ತಾನೆ. "ವಿಡಿಯೋ ಗೇಮ್ ಕಾ ಡಬ್ಬಾ" ಅನ್ನಿ. ಅದೂ ಗೊತ್ತಾಗದಿದ್ರೆ "ಮುಸ್ತಫಾ ವಾಲಾ" ಅನ್ನಿ, 1993ರ ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್ ಗೇಮನ್ನ ಆ ಹೆಸ್ರಲ್ಲಿ ಕರೆದೇ ನಾವೆಲ್ಲ ದೊಡ್ಡವ್ರಾದದ್ದು.

ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಎಲ್ರೂ ಹೋಗ್ತಾರೆ, ಅದಕ್ಕೇ ಅಲ್ಲಿ ಕಮ್ಮಿಗೆ ಸಿಗುದು ಕಷ್ಟ. ಪುಣೆಯ ಜುನಾ ಬಜಾರಲ್ಲಿ (ಬುಧವಾರ, ಭಾನುವಾರ) ಬಿಡಿ ಸಾಮಾನು ಹುಡುಕ್ಬಹುದು ಅಷ್ಟೇ. ನಿಜವಾಗಿ ಹುಡುಕ್ಬೇಕಾದ್ದು ಆ ಡಬ್ಬಾ ಯಾರಿಗೆ ಜಾಗಕ್ಕೆ ಅಡ್ಡ ಆಗಿದೆಯೋ ಅವ್ರನ್ನ. ಮುಚ್ಚಿದ ಗೇಮ್ ಪಾರ್ಲರ್, ಲೋಣಾವಳಾ ಕಡೆ ರಿಸಾರ್ಟಿನ ಗೇಮ್ ರೂಮ್, ನಮ್ಮವ್ರ ಹೋಟೆಲಿನ ಗೋಡೌನ್. ಮಾಥೇರಾನಲ್ಲಿ ಮಾತ್ರ ತಗೊಳ್ಬೇಡಿ ಮಾರಾಯ್ರೆ, ಟೆಂಪೊ ದಸ್ತೂರಿ ನಾಕಾ ದಾಟಿ ಒಳಗೆ ಬರುದಿಲ್ಲ, ಅಲ್ಲಿ ತನಕ ಕೈಗಾಡಿಯೇ ಗತಿ. ಮೇ ಕೊನೆಗೆ ಕೇಳಿದ್ರೆ ಒಳ್ಳೇದು, ಮಳೆಗೆ ಮುಂಚೆ ಎಲ್ರಿಗೂ ಗೋಡೌನ್ ಖಾಲಿ ಮಾಡುವ ಅವಸರ ಇರ್ತದೆ.

ನನ್ದು ಸಿಕ್ಕಿದ್ದು ಠಾಣೆಯ ಒಂದು ಹೋಟೆಲಲ್ಲಿ, ಉದ್ದಿನಬೇಳೆ ಗೋಣಿಗಳ ಹಿಂದೆ. "ಶೆಟ್ರೇ, ಇದು ಕೊಡ್ತೀರಾ?" ಅಂದೆ. "ಓಡ್ತದಾ ಇಲ್ವಾ ಗೊತ್ತಿಲ್ಲ, 9000 ಕೊಟ್ಟು ತಗೊಂಡು ಹೋಗು ಮಾರಾಯ" ಅಂದ್ರು. 5500ಕ್ಕೆ ಮುಗೀತು, ಹೇಗೆ ಅಂದ್ರೆ ಅಲ್ಲೇ ಕೂತು ಚೆಕ್ ಮಾಡಿದ್ದಕ್ಕೆ.

ಮೊದ್ಲು ಬುಡದ ಪ್ಲೈವುಡ್ ಹೆಬ್ಬೆರಳಲ್ಲಿ ಒತ್ತಿ ನೋಡಿ. ಮಳೆನೀರು ನುಗ್ಗಿದ ಡಬ್ಬಾ ಆದ್ರೆ ನೆನೆಸಿದ ರಸ್ಕಿನ ಹಾಗೆ ಪದರ ಪದರ ಬಿಡ್ತದೆ, ಅಂಥದ್ದು ಫ್ರೀ ಕೊಟ್ರೂ ಬೇಡ. ಆಮೇಲೆ ಮಾನಿಟರ್, ರೇಟ್ ನಿಂತಿರುದೇ ಇದ್ರ ಮೇಲೆ, ಆನ್ ಮಾಡಿ ಒಂದು ಚಾ ಕುಡಿದು ಅರ್ಧ ಗಂಟೆ ಬಿಟ್ಟು ನೋಡಿ, ಕೆಲವು ತಣ್ಣಗಿರುವಾಗ ಸರಿ ಇದ್ದು ಬಿಸಿಯಾದ ಮೇಲೆ ಚಿತ್ರ ನಡುಗ್ತದೆ. ಹಿಂದಿನ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿ, ಕೈ ಮಾತ್ರ ಹಾಕ್ಬೇಡಿ, ಪಿಕ್ಚರ್ ಟ್ಯೂಬಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರ್ತದೆ. ಬೋರ್ಡ್ (ಗೇಮ್ ಇರುವ ಸರ್ಕ್ಯೂಟ್) ಸತ್ತಿದ್ರೆ ಹೆದರ್ಬೇಡಿ. 56 ಪಿನ್ನಿನ ಜಾಮಾ ಕನೆಕ್ಟರ್ ಇದ್ರೆ ಸಾಕು, ಜಪಾನಿನವ್ರು 1985ರಲ್ಲಿ ತಂದ ಸ್ಟ್ಯಾಂಡರ್ಡ್ ಅದು, ಬೇರೆ ಜಾಮಾ ಬೋರ್ಡ್ ತಂದು ಚುಚ್ಚಿದ್ರೆ ಆಯ್ತು. "ಬೋರ್ಡ್ ಹೋಗಿದೆ" ಅಂತ ನೀವೇ ಮುಖ ಸಣ್ಣ ಮಾಡಿ ಹೇಳಿ, ನಾನು 3500 ಇಳಿಸಿದ್ದು ಹಾಗೆ. ಜಪಾನಿಂದ ಬಂದ ಡಬ್ಬಾ ಆದ್ರೆ ಹಿಂದಿನ ಪ್ಲೇಟ್ ಓದಿ, 100 ವೋಲ್ಟ್ ಅಂತ ಇದ್ದದ್ದನ್ನ ನಮ್ಮ 230ಕ್ಕೆ ನೇರ ಹಾಕಿದ್ರೆ ಢಂ.

ಟೆಂಪೊ ಹೇಳುವ ಮುಂಚೆ ಮನೆ ಬಾಗಿಲು, ಲಿಫ್ಟ್ ಎರಡೂ ಅಳೆಯಿರಿ. ನಾನು ಬಾಗಿಲು ಮಾತ್ರ ಅಳೆದು, ಮೂರು ಮಹಡಿ ಮೆಟ್ಟಿಲಲ್ಲಿ ನಾಲ್ಕು ಜನ ಹೊತ್ತು ತಂದದ್ದು.

ಕಾಯಿನ್ ವಿಷ್ಯ ಒಂದು ಉಳೀತು. ಹಳೇ 1 ರೂಪಾಯಿ 25 ಮಿಲಿಮೀಟರ್ ಅಗಲ, 2011ರಿಂದ ಬಂದದ್ದು 22, ಹಾಗಾಗಿ ಹಳೇದಕ್ಕೆ ಸೆಟ್ ಆದ ಡಬ್ಬಾ ಹೊಸತನ್ನ ಉಗುಳ್ತದೆ. ಎಲೆಕ್ಟ್ರಾನಿಕ್ ಅಕ್ಸೆಪ್ಟರ್ (ಕಾಯಿನ್ ತಗೊಳ್ಳುವ ಭಾಗ) ಆದ್ರೆ ಹೆಚ್ಚಾಗಿ ಒಳಗೆ ಸ್ಯಾಂಪಲ್ಲಿಗೆ ಒಂದು ನಾಣ್ಯ ಸಿಕ್ಕಿಸಿರ್ತಾರೆ, ಅದನ್ನ ಬದಲಾಯಿಸಿದ್ರೆ ಮುಗೀತು. ನಾನು ಬದಲಾಯಿಸ್ಲಿಲ್ಲ. ಕ್ಯಾಶ್ ಬಾಕ್ಸಿನ ಬೀಗದ ಕೈ ಶೆಟ್ರ ಹತ್ರ ಇರ್ಲಿಲ್ಲ, ಮನೆಗೆ ತಂದು ಬೀಗ ಒಡೆದಾಗ ಒಳಗೆ 37 ಹಳೇ ರೂಪಾಯಿ ಇತ್ತು, ಮಕ್ಕಳು ಈಗ್ಲೂ ಅದ್ರಲ್ಲೇ ಆಡುದು, ಮುಗಿದಾಗ ಬಾಕ್ಸ್ ತೆಗೆದು ಮತ್ತೆ ಹಂಚ್ತೇನೆ.