ಬ್ಯಾಡಗಿಯ ಪಟ್ಟಿ ಲೆಕ್ಕಕ್ಕೆ ಜಾಂಗೋ ಆರಿಸಿಕೊಂಡ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸುವ ಕುಟುಂಬವೊಂದು ರೈತರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಮತ್ತು ಖಾತೆ ಬರೆಯಲು ವೆಬ್ ತಂತ್ರಾಂಶ ಬೇಕೆಂದಾಗ, ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ನಾನು ಪಿಎಚ್‌ಪಿಯ ಲಾರಾವೆಲ್, ಪೈಥಾನ್‌ನ ಜಾಂಗೋ, ಜಾವಾಸ್ಕ್ರಿಪ್ಟ್‌ನ ನೋಡ್ ಜೊತೆಗೆ ರಿಯಾಕ್ಟ್ ಎಂಬ, ವೆಬ್ ತಂತ್ರಾಂಶ ಕಟ್ಟುವ ಮೂರು ಸಾಧನಗಳನ್ನು ತೂಗಿ ನೋಡಿದೆ. ವೇಗದ ಚರ್ಚೆಯನ್ನು ಬೇಗನೆ ಬದಿಗಿಟ್ಟೆ. ಸುಗ್ಗಿಯಲ್ಲಿ ಪೇಟೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬಂದರೂ, ಒಂದು ಅಂಗಡಿಯ ನಮೂದುಗಳನ್ನು ಇವುಗಳಲ್ಲಿ ಯಾವುದಾದರೂ ಸಲೀಸಾಗಿ ನಿಭಾಯಿಸುತ್ತದೆ.

ಹೆಚ್ಚು ಯೋಚಿಸಿದ್ದು ಹಣದ ಲೆಕ್ಕದ ಬಗ್ಗೆ. ಪಟ್ಟಿಯೆಂದರೆ ಲಾಟ್‌ವಾರು ತೂಕ, ಕ್ವಿಂಟಲ್ ದರ, ಹಮಾಲಿ, ಮೊದಲೇ ಕೊಟ್ಟ ಮುಂಗಡ ಎಲ್ಲವನ್ನೂ ಕೂಡಿ ಕಳೆದು ಉಳಿಯುವ ಮೊತ್ತ. ಅದು ತಾಳೆಯಾಗದಿದ್ದರೆ ರೈತನಿಗೆ ಉತ್ತರ ಹೇಳಬೇಕಾದವರು ಅಂಗಡಿಯ ಗುಮಾಸ್ತರು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು ದ್ವಿಮಾನ (0 ಮತ್ತು 1 ಮಾತ್ರ ಬಳಸುವ) ರೂಪದಲ್ಲಿ ಇರುವುದರಿಂದ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೈಥಾನ್‌ನ ಫ್ಲೋಟ್ ಎಂಬ ಸಾಮಾನ್ಯ ದಶಮಾಂಶ ಸಂಖ್ಯೆಗೂ ಇದೇ ಗುಣವಿದೆ, ಆದರೆ ದಶಮಾಂಶಗಳನ್ನು ನಿಖರವಾಗಿ ಇಡುವ ಡೆಸಿಮಲ್ ಎಂಬ ಸಂಖ್ಯಾ ಬಗೆ ಆ ಭಾಷೆಯ ಜೊತೆಗೇ ಬರುತ್ತದೆ ಮತ್ತು ಜಾಂಗೋದ ಡೆಸಿಮಲ್‌ಫೀಲ್ಡ್ ಅದನ್ನು ಡೇಟಾಬೇಸ್‌ನವರೆಗೂ ಒಯ್ಯುತ್ತದೆ. ನೋಡ್‌ನಲ್ಲಿ ಪೈಸೆಗಳನ್ನು ಪೂರ್ಣಾಂಕವಾಗಿಟ್ಟು ಸಮಸ್ಯೆ ತಪ್ಪಿಸಬಹುದಿತ್ತು. ಆದರೆ ಮುಂದೆ ಆ ಕೋಡ್ ಮುಟ್ಟುವ ಪ್ರತಿಯೊಬ್ಬರೂ ಅದೇ ಶಿಸ್ತು ಪಾಲಿಸುತ್ತಾರೆಂಬ ಭರವಸೆ ನನಗಿರಲಿಲ್ಲ.

ಬ್ರೌಸರ್‌ನಲ್ಲೇ ಪರದೆ ಕಟ್ಟುವ ರಿಯಾಕ್ಟ್ ಬಿಡಲು ಇನ್ನೊಂದು ಕಾರಣವಿತ್ತು. ಪೇಟೆಯಲ್ಲಿ ಇ-ಟೆಂಡರ್ ಮುಗಿದ ಮೇಲೆ ದರಗಳು ಒಟ್ಟಿಗೇ ಪ್ರಕಟವಾಗುವುದರಿಂದ, ಕ್ಷಣಕ್ಷಣಕ್ಕೂ ಬದಲಾಗುವ ಪರದೆಯ ಅಗತ್ಯವೇ ಇರಲಿಲ್ಲ. ಸರ್ವರ್‌ನಲ್ಲೇ ಸಿದ್ಧವಾಗುವ ಸರಳ ಪುಟ ಸಾಕಾಯಿತು.

ಜಾಂಗೋದ ಅಡ್ಮಿನ್ ಪರದೆ ನನ್ನ ಅರ್ಧ ಕೆಲಸ ಉಳಿಸಿತು. ರೈತರು, ಖರೀದಿದಾರರು, ತಳಿಗಳು ಇವುಗಳ ಮಾಡೆಲ್ (ದತ್ತಾಂಶದ ವಿನ್ಯಾಸ) ಬರೆದು ನೋಂದಾಯಿಸಿದರೆ ಸೇರಿಸುವ, ತಿದ್ದುವ ಪುಟಗಳು ತಾವಾಗಿಯೇ ಸಿಗುತ್ತವೆ, ಯಾರು ಯಾವಾಗ ತಿದ್ದಿದರೆಂಬ ದಾಖಲೆಯೂ ಉಳಿಯುತ್ತದೆ. ಸಾವಿರದ ವಿಭಾಜಕವನ್ನು ಚಾಲೂ ಮಾಡಿ, ನಂಬರ್ ಗ್ರೂಪಿಂಗ್ ಸೆಟ್ಟಿಂಗಿಗೆ 3, 2, 0 ಎಂದು ಕೊಟ್ಟಾಗ ಮೊತ್ತಗಳು 12,34,567 ಎಂದು ನಮ್ಮ ಲಕ್ಷದ ಲೆಕ್ಕದಂತೆಯೇ ಮೂಡಿದವು. ಗುಮಾಸ್ತರು ಮೊದಲು ಮೆಚ್ಚಿದ್ದು ಇದನ್ನೇ!

ಲಾರಾವೆಲ್ ಹಿಂದೆ ಬಿದ್ದದ್ದು ಕೂದಲೆಳೆಯ ಅಂತರದಲ್ಲಿ. ಅದರ ಪರವಾದ ಮಾತೆಂದರೆ, ಹಲವರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ನೇರವಾಗಿ ಓಡುತ್ತದೆ, ಜಾಂಗೋಗೆ ನಾನು ಪ್ರತ್ಯೇಕ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಪಡೆದು ಗುನಿಕಾರ್ನ್, ಎನ್‌ಜಿನೆಕ್ಸ್ ಎಂಬ ಸರ್ವರ್ ತಂತ್ರಾಂಶಗಳನ್ನು ಕೂರಿಸಬೇಕಾಯಿತು. ಬರೀ ಪರಿಚಯದ ಜಾಲತಾಣವಾಗಿದ್ದರೆ ಈ ಖರ್ಚು ದಂಡವೇ ಸರಿ.

ಜಾಂಗೋದ ಆವೃತ್ತಿಯಾಗಿ 2025ರ ಏಪ್ರಿಲ್‌ನಲ್ಲಿ ಬಂದ ದೀರ್ಘಾವಧಿ ಬೆಂಬಲದ 5.2 ಅನ್ನು ಆಯ್ದುಕೊಂಡೆ. ಅದಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ದೊರೆಯುವುದರಿಂದ, ಮುಂದಿನ ದೊಡ್ಡ ಬದಲಾವಣೆಯನ್ನು ಆವಕ ತಗ್ಗುವ ಮಳೆಗಾಲದಲ್ಲಿ, ಅದೂ ಪೇಟೆ ನಡೆಯುವ ಸೋಮವಾರ, ಗುರುವಾರಗಳನ್ನು ಬಿಟ್ಟು ಮಾಡುವುದೆಂದು ಅಂಗಡಿಯವರೊಂದಿಗೆ ನಿಗದಿಪಡಿಸಿಕೊಂಡಿದ್ದೇನೆ.