ಮಳೆಗಾಲದಲ್ಲಿ ಟ್ರೆಡ್‌ಮಿಲ್ ಮೇಲೆ ಕಮಿನೊ ನಡೆಯುವುದು ಹೇಗೆ?

ತೀರ್ಥಹಳ್ಳಿ ಕಡೆ ಜೂನ್ ಬಂತೆಂದರೆ ಸಂಜೆ ವಾಕಿಂಗ್ ಬಂದ್. ತೋಟದ ದಾರಿಗೆ ಇಳಿದರೆ ಉಂಬಳ ಹತ್ತುತ್ತದೆ. ಅದಕ್ಕೇ ನಾನು ಮನೆಯೊಳಗೇ ಕಮಿನೊ ನಡೆಯುತ್ತೇನೆ. ಫ್ರಾನ್ಸಿನ ಸಾಂ-ಜಾಂ-ಪಿಯೆ-ದ-ಪೋರ್ ಊರಿಂದ ಸ್ಪೇನಿನ ಸಾಂಟಿಯಾಗೊವರೆಗಿನ ಹಳೇ ಯಾತ್ರಾಮಾರ್ಗ ಅದು. ಸುಮಾರು 780 ಕಿ.ಮೀ. ದಿನಕ್ಕೆ 4 ಕಿ.ಮೀ. ನಡೆದರೆ ಆರೂವರೆ ತಿಂಗಳಾಗುತ್ತದೆ.

ಇದಕ್ಕೆಂದೇ ದುಡ್ಡು ಕೊಟ್ಟು ಸೇರುವ ಆ್ಯಪ್‌ಗಳಿವೆ, ಮೆಡಲ್ ಕೂಡ ಕಳಿಸುತ್ತವೆ. ನನಗೆ ಗೋಡೆಗೊಂದು ಮ್ಯಾಪ್, ಒಂದು ನೋಟ್‌ಬುಕ್ ಸಾಕು. ಏರು ಮಾತ್ರ ಬಿಡಬೇಡಿ. ಸುಮ್ನೆ ಸಮತಟ್ಟಿನಲ್ಲಿ ಕಿಲೋಮೀಟರ್ ಕೂಡಿಸುತ್ತಾ ಹೋದರೆ ಪಿರಿನೀಸ್ ಬೆಟ್ಟವೂ ಒಂದೇ, ಬಸ್ ಸ್ಟ್ಯಾಂಡ್ ರಸ್ತೆಯೂ ಒಂದೇ ಅಲ್ವಾ?

ಲೆಕ್ಕ ಸುಲಭ. ಟ್ರೆಡ್‌ಮಿಲ್ಲಿನ ಇನ್‌ಕ್ಲೈನ್, ಅಂದರೆ ಏರು, 5 ಅಂತಿದ್ದರೆ ಅದು ಶೇಕಡಾ 5, ಡಿಗ್ರಿ ಅಲ್ಲ. ಹತ್ತುವ ಮೀಟರನ್ನು ನಡೆಯುವ ಮೀಟರಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಮೊದಲ ದಿನದ ದಾರಿಯನ್ನೇ ತಗೊಳ್ಳಿ. ಹೊರಡುವ ಊರು ಸುಮಾರು 170 ಮೀಟರ್ ಎತ್ತರದಲ್ಲಿದೆ. 8 ಕಿ.ಮೀ. ಆಚೆಯ ಒರಿಸೋನ್ ತಂಗುದಾಣ ಹತ್ತಿರ ಹತ್ತಿರ 800 ಮೀಟರ್. ಏರು 630 ಮೀಟರ್, ಅಂದರೆ ಶೇ. 8. ಅಲ್ಲಿಂದ 1,430 ಮೀಟರ್ ಎತ್ತರದ ಲೆಪೋಡರ್ ಘಾಟಿಗೆ ಇನ್ನೂ 12-13 ಕಿ.ಮೀ. ಅದಕ್ಕೆ ಶೇ. 5 ಸಾಕು. ಯಾತ್ರಿಕರಲ್ಲಿ ತುಂಬಾ ಜನ ಇಷ್ಟನ್ನೂ ಒಂದೇ ದಿನದಲ್ಲಿ ಹತ್ತುತ್ತಾರೆ. ನಾವು ವಾರ ತಗೊಂಡರೂ ಕೇಳುವವರಿಲ್ಲ.

ಶೇ. 8ರಲ್ಲಿ ಗಂಟೆಗೆ 5 ಕಿ.ಮೀ. ವೇಗ ಬೇಡ, 3ಕ್ಕೆ ಇಳಿಸಿ. ಅಭ್ಯಾಸ ಇಲ್ಲದವರು ಶೇ. 3ರಿಂದ ಶುರುಮಾಡಿ, ಇಲ್ಲದಿದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹೃದಯದ ತೊಂದರೆ, ಮಂಡಿನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಇನ್ನೊಂದು ಮುಖ್ಯ ವಿಷಯ: ಮುಂದಿನ ಹಿಡಿಗೆ ಜೋತುಬೀಳಬೇಡಿ. ಹಿಡಿದು ಹಿಂದಕ್ಕೆ ವಾಲಿದರೆ ಭಾರವೆಲ್ಲ ಕೈಗೆ ಹೋಗುತ್ತದೆ, ಹತ್ತಿದ್ದು ಸುಳ್ಳಾಗುತ್ತದೆ. ಹಿಡಿಯದೆ ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ.

ಇಳಿಜಾರು ಮಾತ್ರ ಹೆಚ್ಚಿನ ಮನೆ ಮೆಷಿನ್‌ಗಳಲ್ಲಿ ಇರುವುದಿಲ್ಲ. ಘಾಟಿ ದಾಟಿ ರೊನ್ಸೆಸ್‌ವಾಯೆಸ್‌ಗೆ ಇಳಿಯುವಾಗಲೇ ನಿಜವಾದ ಯಾತ್ರಿಕರ ಮಂಡಿ ಬಸವಳಿಯುವುದು. ನಾನು ಆ ಪಾಲನ್ನು ಮನೆಯ ಮೆಟ್ಟಿಲಿನಲ್ಲಿ ತೀರಿಸುತ್ತೇನೆ.

ನಮ್ಮಲ್ಲಿ ಮಳೆ ಜೊತೆ ಕರೆಂಟೂ ಹೋಗುತ್ತದೆ. ಆಗ ನನ್ನ ಮೆಷಿನ್ನಿನ ಲೆಕ್ಕ ಸೊನ್ನೆ. ಪಕ್ಕದಲ್ಲಿ ಮೊಮ್ಮಗಳ ಹಳೇ ಸ್ಲೇಟ್ ತೂಗುಹಾಕಿದ್ದೇನೆ. ಒಂದು ಕಿ.ಮೀ. ಆದರೆ ಒಂದು ಗೀಟು. ಬೆಲ್ಟ್ ದಿಢೀರ್ ನಿಂತರೆ ಮುಗ್ಗರಿಸದಂತೆ ಆಗ ಮಾತ್ರ ಹಿಡಿ ಹಿಡಿಯಿರಿ.

ಬುರ್ಗೋಸ್‌ನಿಂದ ಲಿಯೋನ್‌ವರೆಗೆ ಸುಮಾರು 180 ಕಿ.ಮೀ. ಮೆಸೆಟಾ ಬಯಲು. ಇನ್‌ಕ್ಲೈನ್ ಬಹುಪಾಲು ಸೊನ್ನೆ. ಕಾರಿಯೋನ್ ಊರು ಬಿಟ್ಟ ಮೇಲೆ 17 ಕಿ.ಮೀ. ಒಂದು ಹಳ್ಳಿಯೂ ಸಿಗುವುದಿಲ್ಲ. ವೀಡಿಯೊ ಹಾಕಿದರೆ ಬರೀ ಗೋಧಿ ಹೊಲ. ಅಲ್ಲಿ ನನಗೆ ತಾಳಮದ್ದಲೆಯೇ ಗತಿ. ಕೃಷ್ಣ, ಸುಯೋಧನರ ವಾದ ಮುಗಿಯುವಷ್ಟರಲ್ಲಿ ಆ ದಿನದ ಪಾಲು ಮುಗಿದಿರುತ್ತದೆ.

ಸಾಂಟಿಯಾಗೊದಲ್ಲಿ ಯಾತ್ರಿಕರಿಗೆ ಕೊಂಪೊಸ್ಟೆಲಾ ಎಂಬ ಪತ್ರ ಕೊಡುತ್ತಾರೆ. ಅದಕ್ಕೆ ಕಡೇಪಕ್ಷ 100 ಕಿ.ಮೀ. ನೆಲದ ಮೇಲೆ ನಡೆದು, ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡಿರಬೇಕು. ಹಾಗಾಗಿ ತುಂಬಾ ಜನ ನೂರು ಕಿ.ಮೀ.ಗಿಂತ ತುಸು ಹೆಚ್ಚು ದೂರದ ಸಾರಿಯಾ ಊರಿಂದ ಹೊರಡುತ್ತಾರೆ. ನಿಮ್ಮ ಮ್ಯಾಪಿನಲ್ಲೂ ಸಾರಿಯಾಗೆ ಒಂದು ಗುರುತು ಹಾಕಿಡಿ. ಪಾಸ್‌ಪೋರ್ಟ್ ಮಾಡಿಸುವ ಮನಸ್ಸಾಗುವುದು ಅಲ್ಲಿಗೆ ಬಂದಾಗಲೇ.